ಹಳೆಯ ಸಿಸ್ಟಮ್ಮಿಗೆ ಸಣ್ಣ ಕಾರ್ಡು: ಘಟ್ಟದ ಮೇಲಿನ ವ್ಯಾಟ್ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಕಾರ್ಡ್ ಹಾಕಿರೆ ಫಾಸ್ಟ್ ಆಗ್ತಾ?’ ಹೆಚ್ಚಿನವರ ಮಟ್ಟಿಗೆ ಉತ್ತರವೂ ಒಂದೇ: ಆಗುವುದಿಲ್ಲ. ಆನ್ ಮಾಡಿ ಚಾ ಕುಡಿದು ಬಂದರೂ ತೆರೆದುಕೊಳ್ಳದ, ನುಡಿ ತಂತ್ರಾಂಶದಲ್ಲಿ ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಹ್ಯಾಂಗ್ ಆಗುವ ಯಂತ್ರಕ್ಕೆ ಬೇಕಾದದ್ದು ಒಂದು ಎಸ್‌ಎಸ್‌ಡಿ, ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್. ಗ್ರಾಫಿಕ್ಸ್ ಕಾರ್ಡು ಆ ರೋಗದ ಮದ್ದಲ್ಲ. ಇಷ್ಟು ಹೇಳಿದ ಮೇಲೂ ಕಾರ್ಡೇ ಬೇಕಾದವರು ಉಳಿಯುತ್ತಾರೆ. ಅವರು ಆರಿಸುವಾಗ ಬೆಂಗಳೂರಿನವರ ಲೆಕ್ಕ ಹಿಡಿಯಬಾರದು. ಅಲ್ಲಿ ನೋಡುವುದು ಎಷ್ಟು ಫ್ರೇಮ್ ಬರುತ್ತದೆ ಎಂದು. ಇಲ್ಲಿ ಮೊದಲು ನೋಡಬೇಕಾದ್ದು ಎಷ್ಟು ವ್ಯಾಟ್ ತಿನ್ನುತ್ತದೆ, ಮಳೆಗಾಲ ದಾಟುತ್ತದೆಯೇ ಎಂದು.

ಕಾರ್ಡು ಬೇಕಾದವರಲ್ಲಿ ಮೊದಲಿಗರು ಸಿಡಿಲಿಗೆ ಸಿಕ್ಕವರು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಟೆಲಿಫೋನಿನ ತಾಮ್ರದ ತಂತಿ ಹಿಡಿದು ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ಕೇಬಲ್ಲಿನಲ್ಲಿ ಬೋರ್ಡಿಗೆ ನುಗ್ಗುವ ಹೊಡೆತ ಪ್ರೊಸೆಸರನ್ನು ಬಿಟ್ಟು ಪೋರ್ಟುಗಳನ್ನಷ್ಟೇ ಸುಡುವುದುಂಟು. ಫೈಬರ್ ಬಂದ ಮನೆಗಳಲ್ಲಿ ಈ ದಾರಿ ಮುಚ್ಚಿದೆ, ಕರೆಂಟಿನ ದಾರಿ ಮುಚ್ಚಿಲ್ಲ. ಬೋರ್ಡಿನ ವಿಜಿಎ ಸತ್ತು ಉಳಿದದ್ದೆಲ್ಲ ಬದುಕಿದ್ದರೆ ಒಂದು ಸಣ್ಣ ಕಾರ್ಡು ಇಡೀ ಸಿಸ್ಟಮ್ಮನ್ನು ಉಳಿಸಿಕೊಡುತ್ತದೆ. ಎರಡನೆಯವರು ಇಂಟೆಲ್ಲಿನ ಐ3-9100ಎಫ್, 10100ಎಫ್‌ನಂಥ ‘ಎಫ್’ ಬಾಲದ ಪ್ರೊಸೆಸರನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದವರು. ಅದರೊಳಗೆ ಗ್ರಾಫಿಕ್ಸೇ ಇಲ್ಲ, ಕಾರ್ಡಿಲ್ಲದೆ ಪರದೆ ಬೆಳಗುವುದಿಲ್ಲ. ಉಳಿದವರು ಎರಡು–ಮೂರು ಮಾನಿಟರ್ ಬೇಕೆನ್ನುವವರು, 4ಕೆ ಟಿವಿ ಜೋಡಿಸುವವರು, ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರು, ಮತ್ತು ‘ಕಾಲೇಜಿನ ಸಾಫ್ಟ್‌ವೇರಿಗೆ ಬೇಕು’ ಎಂದು ಅಪ್ಪನಿಗೆ ಹೇಳಿ ಜಿಟಿಎ ಆಡುವ ಹುಡುಗರು. ಇಎ ಕ್ರಿಕೆಟ್ 07 ಆಡುವವರಿಗೆ ಏನೂ ಬೇಡ. 2006ರ ಆ ಆಟ ಬೋರ್ಡಿನ ಗ್ರಾಫಿಕ್ಸಿನಲ್ಲೇ ಓಡುತ್ತದೆ.

ಈ ಊರುಗಳಲ್ಲಿ ಉಳಿದಿರುವ ಹಳೆಯ ಯಂತ್ರಗಳಲ್ಲಿ ಮೂರು ತಲೆಮಾರು ಕಾಣುತ್ತವೆ. ಜಿ31, ಜಿ41 ಬೋರ್ಡಿನ ಕೋರ್ 2 ಡ್ಯುಯೊ ಕಾಲದವು ಮೊದಲನೆಯವು. ಇವಕ್ಕೆ ದುಡ್ಡು ಹಾಕಬೇಡಿ. ಯಾರಾದರೂ ಕಾರ್ಡನ್ನು ಪುಕ್ಕಟೆ ಕೊಟ್ಟರೆ ಹಾಕಿಕೊಳ್ಳಿ, ಅಷ್ಟೇ. ಎರಡನೆಯವು 2011ರ ಸುಮಾರಿಗೆ ಬಂದ ಎಚ್61 ಚಿಪ್‌ಸೆಟ್ಟಿನ, ಎರಡನೇ–ಮೂರನೇ ಜನರೇಶನ್ನಿನ ಅಸೆಂಬಲ್ಡ್ ಸಿಸ್ಟಮ್ಮುಗಳು. ಆ ಬೋರ್ಡನ್ನು ನಮ್ಮ ದೇಶದ ಕೆಲವು ಬ್ರ್ಯಾಂಡುಗಳು ಆಮೇಲೆಯೂ ಹೊಸದಾಗಿ ಮಾರುತ್ತ ಬಂದದ್ದರಿಂದ ರಿಪೇರಿಗೆ ಬಂದ ಹಳೆಯ ಪ್ರೊಸೆಸರುಗಳಿಗೆ ಮರುಜನ್ಮ ಸಿಕ್ಕಿದೆ. ಮೂರನೆಯವು ಬೆಂಗಳೂರಿನ ಕಂಪನಿಗಳು ಕಳಚಿ ಹಾಕಿದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್‌ನಂಥ ಚಿಕ್ಕ ಪೆಟ್ಟಿಗೆಗಳು. ಎಸ್‌ಪಿ ರೋಡಿನ ಅಂಗಡಿಗಳಿಂದಲೋ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಕಾರಿನ ಡಿಕ್ಕಿಯಲ್ಲೋ ಘಟ್ಟದ ಮೇಲಿನ ಮನೆಗೆ ಬಂದಿಳಿದವು. ಗಟ್ಟಿಮುಟ್ಟು, ಆದರೆ ಒಳಗೆ ಜಾಗವಿಲ್ಲ. ಇವಕ್ಕೆ ‘ಲೋ ಪ್ರೊಫೈಲ್’ ಎಂಬ ಅರ್ಧ ಎತ್ತರದ ಕಾರ್ಡೇ ಬೇಕು, ಜೊತೆಗೆ ಅದನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಪಟ್ಟಿಯೂ ಬೇಕು. ಎಷ್ಟೋ ಸಲ ಸೆಕೆಂಡ್ ಹ್ಯಾಂಡ್ ಕಾರ್ಡು ಸಿಗುತ್ತದೆ, ಆ ಪಟ್ಟಿ ಮಾತ್ರ ಸಿಗುವುದಿಲ್ಲ.

ಇನ್ನು ವ್ಯಾಟ್. ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದರೊಳಗೇ ಮುಗಿಸುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಎಳೆಯಬೇಕಿಲ್ಲ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿನ ಮಾತು ಹಳೆಯ ಸಿಸ್ಟಮ್ಮಿನಲ್ಲಿ ಎತ್ತುವುದೇ ಬೇಡ. ಆದರೆ 75 ಎಂಬುದೂ ಎಲ್ಲ ಕಡೆ ನಿಜವಲ್ಲ. ಕೆಲವು ಚಿಕ್ಕ ಬ್ರ್ಯಾಂಡೆಡ್ ಪೆಟ್ಟಿಗೆಗಳಲ್ಲಿ ಆ ಸ್ಲಾಟಿನ ಮಿತಿ 25 ಅಥವಾ 35 ವ್ಯಾಟ್ ಎಂದು ಕಂಪನಿಯ ಕೈಪಿಡಿಯಲ್ಲೇ ಬರೆದಿರುತ್ತದೆ. ಆಪ್ಟಿಪ್ಲೆಕ್ಸ್ 7010ರ ಚಿಕ್ಕ ಮಾದರಿಯ ಒಟ್ಟು ಎಸ್‌ಎಂಪಿಎಸ್ಸೇ 240 ವ್ಯಾಟಿನದು, 9020ರದ್ದು 255. ಕೇಳಲು ಕಡಿಮೆ ಅನ್ನಿಸಿದರೂ ಅವು ಪ್ರಾಮಾಣಿಕ ವ್ಯಾಟುಗಳು. ಲೋಕಲ್ ಕ್ಯಾಬಿನೆಟ್ಟಿನ ಜೊತೆ ಬರುವ ‘450 ವ್ಯಾಟ್’ ಎಸ್‌ಎಂಪಿಎಸ್ ಬಗ್ಗೆ ಹಾಗೆ ಹೇಳುವಂತಿಲ್ಲ. ಅದರ ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಮುಂದೆ ಎಷ್ಟು ಆಂಪ್ಸ್ ಇದೆ ನೋಡಿ. 14 ಎಂದಿದ್ದರೆ 12ರಿಂದ ಗುಣಿಸಿ: 168 ವ್ಯಾಟ್. ಪ್ರೊಸೆಸರು, ಕಾರ್ಡು ಎರಡೂ ಮುಖ್ಯವಾಗಿ ಬದುಕಬೇಕಾದದ್ದು ಈ 168ರಲ್ಲೇ. ಚೀಟಿಯ ಮೇಲಿನ ದೊಡ್ಡ ಅಂಕಿ ಮಾರಾಟಕ್ಕೆ ಹಾಕಿದ್ದು.

ಕರೆಂಟ್ ಬಿಲ್ಲಿನ ಚಿಂತೆಯನ್ನು ಬದಿಗಿಡಬಹುದು. 20 ವ್ಯಾಟಿನ ಕಾರ್ಡು ದಿನಕ್ಕೆ ಎಂಟು ತಾಸು ಓಡಿದರೂ ತಿಂಗಳಿಗೆ ಐದು ಯೂನಿಟ್ ಆಗುವುದಿಲ್ಲ. 2023ರಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಾದ ಮನೆಗಳಿಗಂತೂ, ಮಿತಿ ದಾಟದಿದ್ದರೆ, ಅದು ಲೆಕ್ಕಕ್ಕೇ ಬರುವುದಿಲ್ಲ. ಚಿಂತೆ ಇರುವುದು ಇನ್ವರ್ಟರಿನದು. ಜೂನ್ ಕಳೆದು ಶ್ರಾವಣದವರೆಗೆ ಮರ ಬಿದ್ದು ಲೈನು ಹರಿದರೆ, ಹೆಸ್ಕಾಂ ಲೈನ್‌ಮನ್ ಹಳ್ಳ ದಾಟಿ ಆ ಕಂಬ ಹುಡುಕಿ ಬರುವ ತನಕ ಒಳಗಿನ ಹಳ್ಳಿಗಳಲ್ಲಿ ಕತ್ತಲೆ. ಮನೆಯಲ್ಲೇ ಕೂತು ಕಂಪನಿಯ ಕೆಲಸ ಮಾಡುವವರಿಗೆ, ಗ್ರಾಮ ಒನ್ ಸೇವಾ ಕೇಂದ್ರ ನಡೆಸುವವರಿಗೆ ಆಗ ಬ್ಯಾಟರಿಯೇ ಗತಿ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್ 150 ಎಎಚ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್–ಅವರ್. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿಯ ಆಯುಸ್ಸು ಹೋಗುತ್ತದೆ, ಇನ್ವರ್ಟರೂ ಒಂದಿಷ್ಟು ನುಂಗುತ್ತದೆ. ಕೈಗೆ ಸಿಗುವುದು ಸುಮಾರು 1,000 ಎಂದಿಟ್ಟುಕೊಳ್ಳಿ. ಸಿಸ್ಟಮ್, ಮಾನಿಟರ್, ಮೋಡೆಮ್, ಎರಡು ದೀಪ ಸೇರಿ 110 ವ್ಯಾಟ್ ಆದರೆ ಒಂಬತ್ತು ತಾಸು ನಡೆಯುತ್ತದೆ. ಅದಕ್ಕೆ 60 ವ್ಯಾಟ್ ಎಳೆಯುವ ಕಾರ್ಡನ್ನು ಕೆಲಸಕ್ಕೆ ಹಚ್ಚಿದರೆ ಆರು ತಾಸಿಗೆ ಇಳಿಯುತ್ತದೆ. ಆಫೀಸಿನ ಒಂದು ದಿನ ಮುಗಿಯುವುದಕ್ಕೂ ಅರ್ಧಕ್ಕೇ ನಿಲ್ಲುವುದಕ್ಕೂ ಇರುವ ಅಂತರ ಅದೇ. ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿಕೊಂಡವರಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಇನ್ವರ್ಟರಿನ ಬಗ್ಗೆ ಇನ್ನೊಂದು ಮಾತು. ಡೆಲ್, ಎಚ್‌ಪಿ ಪೆಟ್ಟಿಗೆಗಳ ಎಸ್‌ಎಂಪಿಎಸ್‌ನಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆ ಇರುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಜೊತೆ ಅದಕ್ಕೆ ಹೊಂದಿಕೆಯಾಗದೆ, ಕರೆಂಟು ಹೋದ ಕ್ಷಣ ಸಿಸ್ಟಮ್ ಆಫ್ ಆಗುವುದುಂಟು. ಕಾರ್ಡು ಹಾಕಿದ ಮೇಲೆ ಲೋಡು ಏರಿ ಈ ತೊಂದರೆ ಹೊಸದಾಗಿ ಕಾಣಿಸಿಕೊಂಡರೆ ಬೈಗುಳ ಕಾರ್ಡಿಗೆ ಬೀಳುತ್ತದೆ. ಪರಿಹಾರ ಸೈನ್ ವೇವ್ ಇನ್ವರ್ಟರಿನಲ್ಲಿದೆ.

ಮಳೆಯ ವಿಷಯ. ಮೂರೂ ತಾಲ್ಲೂಕುಗಳಲ್ಲಿ ವರ್ಷದ ಸರಾಸರಿ ಮಳೆ 2,000 ಮಿಲಿಮೀಟರಿಗೂ ಹೆಚ್ಚು. ಗೋಡೆ ಬೆವರುವ, ಚಪ್ಪಲಿಗೆ ಬೂಸಲು ಬರುವ ದಿನಗಳಲ್ಲಿ ಕಾರ್ಡಿನ ಬಂಗಾರದ ಬಣ್ಣದ ಅಂಚಿನ ಮೇಲೂ ತೆಳ್ಳನೆ ಪದರ ಕಟ್ಟುತ್ತದೆ. ‘ಡಿಸ್‌ಪ್ಲೇ ಬರ್ತಿಲ್ಲೆ’ ಎಂದು ಅಂಗಡಿಗೆ ಹೊತ್ತು ತಂದ ಸಿಸ್ಟಮ್ಮಿನ ರ‍್ಯಾಮನ್ನೂ ಕಾರ್ಡನ್ನೂ ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿ ಸರಿಮಾಡಿಕೊಡುವುದು ಅದಕ್ಕೇ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ತಾಸಾದರೂ ಯಂತ್ರ ಓಡಿಸಿ, ಅದರ ಬಿಸಿಯೇ ಒಳಗನ್ನು ಒಣಗಿಸುತ್ತದೆ. ಫ್ಯಾನಿನ ಕಥೆ ಬೇರೆ. ಸಣ್ಣ ಕಾರ್ಡುಗಳ ಅಗ್ಗದ ಫ್ಯಾನಿಗೆ ಧೂಳು, ತೇವ ಸೇರಿ ಎರಡು–ಮೂರು ಮಳೆಗಾಲದಲ್ಲಿ ಕಿರುಗುಟ್ಟಲು ಶುರುವಾಗುತ್ತದೆ. ಬೆಚ್ಚನೆಯ ಜಾಗ ಹುಡುಕಿ ಇರುವೆ, ಹಲ್ಲಿ ಬರುತ್ತವೆ. ಕುಂಬಾರಹುಳವಂತೂ ಖಾಲಿ ಬಿಟ್ಟ ಎಚ್‌ಡಿಎಂಐ ಪೋರ್ಟಿನಲ್ಲೇ ಮಣ್ಣಿನ ಗೂಡು ಕಟ್ಟುತ್ತದೆ. ಆದ್ದರಿಂದ ಈ ಸೀಮೆಗೆ ಫ್ಯಾನಿಲ್ಲದ, ಬರೀ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುವ ಕಾರ್ಡೇ ಲೇಸು. ಜಿಟಿ 710, ಜಿಟಿ 1030 ಎರಡರಲ್ಲೂ ಅಂಥ ಮಾದರಿಗಳು ಬಂದಿವೆ. 30 ವ್ಯಾಟಿನವರೆಗೆ ಫ್ಯಾನಿಲ್ಲದೆ ನಡೆಯುತ್ತದೆ, ಕ್ಯಾಬಿನೆಟ್ಟಿನ ಹಿಂಬದಿಯ ಫ್ಯಾನೊಂದು ತಿರುಗುತ್ತಿದ್ದರೆ ಸಾಕು. ಉಪಯೋಗಿಸದ ಪೋರ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಡಿ.

ಈಗ ಪೇಟೆಯಲ್ಲಿರುವ ಕಾರ್ಡುಗಳ ಕಡೆ ಬರೋಣ. ಜಿಫೋರ್ಸ್ 210, ಜಿಟಿ 610, ಎಚ್‌ಡಿ 5450, ಎಚ್‌ಡಿ 6450 ಇವೆಲ್ಲ ಸತ್ತ ವಿಜಿಎಗೆ ಬದಲಿಯಾಗಿ ಮಾತ್ರ ಯೋಗ್ಯ. ಜಿಟಿ 710 ಬರೀ 19 ವ್ಯಾಟಿನದು, ವಿಜಿಎ ಪೋರ್ಟೂ ಇರುತ್ತದೆ. ಅಂಗಡಿಯವರು ಸಲೀಸಾಗಿ ಕೈಗಿಡುವುದು ಇದನ್ನೇ. ಆದರೆ ನಾಲ್ಕನೇ ಜನರೇಶನ್ನಿನ ಐ5, ಐ7 ಪ್ರೊಸೆಸರ್ ಇರುವವರು ಇದನ್ನು ಕೊಂಡರೆ ದುಡ್ಡು ದಂಡ; ಪ್ರೊಸೆಸರಿನೊಳಗೇ ಇರುವ ಎಚ್‌ಡಿ 4600 ಇದಕ್ಕೆ ಸರಿಸಮ.

ಜಿಟಿ 730 ಹೆಸರಿನಲ್ಲಿ 2014ರಲ್ಲಿ ಒಂದಲ್ಲ, ಮೂರು ಕಾರ್ಡು ಬಂದವು. ಒಂದು ಹಳೆಯ ಫರ್ಮಿ ಪೀಳಿಗೆಯದು, 96 ಕೋರ್, 49 ವ್ಯಾಟ್. ಉಳಿದೆರಡು ಕೆಪ್ಲರ್ ಪೀಳಿಗೆಯವು, 384 ಕೋರ್, ಸುಮಾರು 25 ವ್ಯಾಟ್; ಅವುಗಳಲ್ಲೂ ಒಂದಕ್ಕೆ ಡಿಡಿಆರ್3, ಇನ್ನೊಂದಕ್ಕೆ ಜಿಡಿಡಿಆರ್5 ಮೆಮೊರಿ. ಡಬ್ಬಿಯ ಮೇಲೆ ದೊಡ್ಡದಾಗಿ ‘4 ಜಿಬಿ’ ಎಂದಿರುವುದೇ ಬಹುಮಟ್ಟಿಗೆ ಕೆಟ್ಟದ್ದು. ಇಷ್ಟು ಸಣ್ಣ ಕಾರ್ಡಿಗೆ 4 ಜಿಬಿಯಿಂದ ಉಪಯೋಗವಿಲ್ಲ, ಮೆಮೊರಿಯ ವೇಗ ಮುಖ್ಯ. 2017ರ ಮೇ ತಿಂಗಳಲ್ಲಿ ಬಂದ ಜಿಟಿ 1030ರಲ್ಲಿ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾರ್ಡು ಮಾರುವ ಈ ಚಾಳಿ ಇನ್ನೂ ನಾಚಿಕೆಗೆಟ್ಟು ನಡೆಯಿತು. ಮೂಲ ಕಾರ್ಡಿನ ಜಿಡಿಡಿಆರ್5 ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಬಿಟ್ಟ ಡಿಡಿಆರ್4 ಮಾದರಿ ಸಾಗಿಸುವುದು 16.8 ಜಿಬಿ, ಮೂರರಲ್ಲೊಂದು ಪಾಲು. ಹೆಸರು ಒಂದೇ, ಆಟದಲ್ಲಿ ವೇಗ ಅರ್ಧದ ಆಚೀಚೆ. ಜಿಟಿ 1030 ಕೊಳ್ಳುವವರು ಬಿಲ್ಲಿನ ಮೇಲೆ ‘ಜಿಡಿಡಿಆರ್5’ ಎಂದು ಬರೆಸಿಕೊಳ್ಳಬೇಕು.

ಆಫೀಸುಗಳಿಂದ ಬಿಡುಗಡೆಯಾಗಿ ಬರುವ ಕ್ವಾಡ್ರೊ ಕಾರ್ಡುಗಳನ್ನು ನಮ್ಮ ಕಡೆ ಕೇಳುವವರು ಕಡಿಮೆ. ಅದೇ ನಿಜವಾದ ಲಾಭದ ಜಾಗ ಎಂದು ನನ್ನ ಅಭಿಪ್ರಾಯ. ಪಿ400 ಕಾರ್ಡು 30 ವ್ಯಾಟ್, ಪಿ620 ಬರೀ 40 ವ್ಯಾಟ್, ಅದೇ ಸಾಲಿನ ಮುಂದಿನ ಟಿ400 ಮತ್ತೆ 30. ಎಲ್ಲವೂ ಅರ್ಧ ಎತ್ತರದವು, ಒಂದೇ ಸ್ಲಾಟಿನ ದಪ್ಪದವು, ಬೇರೆ ತಂತಿ ಬೇಡ. ಆಫೀಸಿನ ಎ.ಸಿ. ಕೋಣೆಯಲ್ಲಿ ಸಾಧು ಜೀವನ ನಡೆಸಿ ಬಂದವಾದ್ದರಿಂದ ಸೆಕೆಂಡ್ ಹ್ಯಾಂಡ್ ಆದರೂ ಹೆದರಿಕೆ ಕಡಿಮೆ. ಫ್ಯಾನ್ ಇದೆ, ಅದೊಂದು ಕೊರತೆ. ಮಿನಿ ಡಿಸ್‌ಪ್ಲೇಪೋರ್ಟ್ ಇರುವುದರಿಂದ ಕನ್ವರ್ಟರಿನ ಖರ್ಚು ಮೇಲೆ ಬೀಳುತ್ತದೆ.

ಎಎಂಡಿ ಕಡೆಯಲ್ಲಿ 2017ರ ಆರ್‌ಎಕ್ಸ್ 550 ಇದೆ, 50 ವ್ಯಾಟ್. ಲಿನಕ್ಸ್ ಬಳಸುವವರಿಗೆ ಇದರಷ್ಟು ತಲೆನೋವಿಲ್ಲದ ಕಾರ್ಡು ಇನ್ನೊಂದಿಲ್ಲ, ಡ್ರೈವರ್ ಕರ್ನಲ್ಲಿನೊಳಗೇ ಬಂದಿರುತ್ತದೆ. 2022ರ ಆರ್‌ಎಕ್ಸ್ 6400 ಕಾಗದದ ಮೇಲೆ 53 ವ್ಯಾಟಿನ ಜಾಣ, ಆದರೆ ಸ್ಲಾಟಿನ ನಾಲ್ಕೇ ಲೇನ್‌ಗಳಲ್ಲಿ ಮಾತನಾಡುತ್ತದೆ. ಹೊಸ ಬೋರ್ಡಿನಲ್ಲಿ ಅದು ತೊಡಕಲ್ಲ. ಎಚ್61ರಂಥ ಹಳೆಯ ಬೋರ್ಡಿನಲ್ಲಿ ಆ ಲೇನ್‌ಗಳೇ ನಿಧಾನ, ಕಾರ್ಡಿನ ಒಂದಿಷ್ಟು ಶಕ್ತಿ ದಾರಿಯಲ್ಲೇ ಸೋರುತ್ತದೆ. ಇಂಟೆಲ್ಲಿನ ಆರ್ಕ್ ಎ310, ಎ380ಗಳಿಗೆ ರಿಸೈಜಬಲ್ ಬಾರ್ ಎಂಬ ಸೌಕರ್ಯ ಬೋರ್ಡಿನಲ್ಲಿ ಇಲ್ಲದಿದ್ದರೆ ಸರಿಯಾದ ವೇಗ ಬರುವುದಿಲ್ಲ, ಹಳೆಯ ಬೋರ್ಡುಗಳಲ್ಲಿ ಅದಿಲ್ಲ. ಅವನ್ನು ಮರೆತುಬಿಡಿ.

75 ವ್ಯಾಟಿನ ಗೆರೆಯ ಹತ್ತಿರ ಜಿಟಿಎಕ್ಸ್ 750 ಟಿಐ (60 ವ್ಯಾಟ್), 1050 ಟಿಐ (75), 1650 (75), ಮತ್ತು 2024ರ ಫೆಬ್ರವರಿಯಲ್ಲಿ ಬಂದ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ ನಿಲ್ಲುತ್ತವೆ. ಕೊನೆಯದು ಬೇರೆ ತಂತಿ ಬೇಡದ ಗೇಮಿಂಗ್ ಕಾರ್ಡುಗಳಲ್ಲಿ ಶಕ್ತಿವಂತ, ಆದರೆ ಹತ್ತು ವರ್ಷದ ಹಳೆಯ ಪ್ರೊಸೆಸರಿನ ಪಕ್ಕ ಅದನ್ನು ಕೂರಿಸುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಸಿಸ್ಟಮ್ಮನ್ನೇ ಬದಲಿಸುವುದು ಮೇಲು. 1650ರ ಕೆಲವು ಮಾದರಿಗಳು ಆರು ಪಿನ್ನಿನ ತಂತಿ ಕೇಳುತ್ತವೆ, ನೋಡಿ ಕೊಳ್ಳಿ. ಆನ್‌ಲೈನಿನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಕಾಣುವ ‘1050 ಟಿಐ’ ನಂಬಬೇಡಿ. ಹಳೆಯ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಚಿಪ್ಪುಗಳ ಬಯಾಸ್ ತಿದ್ದಿ ಹೊಸ ಹೆಸರು ತೋರಿಸುವಂತೆ ಮಾಡಿದ ಕಾರ್ಡುಗಳು ಓಡಾಡುತ್ತಿವೆ. ಜಿಪಿಯು–ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಇಂಥದನ್ನು ಹಿಡಿದು ನಕಲಿ ಎಂದು ತೋರಿಸುತ್ತದೆ.

ವಿಡಿಯೊ ನೋಡುವುದಕ್ಕೇ ಕಾರ್ಡು ಬೇಕೆನ್ನುವವರು ಒಂದು ಸಂಗತಿ ತಿಳಿದಿರಬೇಕು. ಯೂಟ್ಯೂಬ್ ತನ್ನ ವಿಡಿಯೊಗಳನ್ನು ಹೆಚ್ಚಾಗಿ ವಿಪಿ9, ಎವಿ1 ರೂಪದಲ್ಲಿ ಕಳಿಸುತ್ತದೆ. ಮೊಬೈಲಿನಲ್ಲಿ ಹಿಡಿದ ತಾಳಮದ್ದಲೆಯ ವಿಡಿಯೊ ಎಚ್‌ಇವಿಸಿಯಲ್ಲಿರುವುದು ಈಗ ಸಾಮಾನ್ಯ. ಜಿಟಿ 710, 730, 750 ಟಿಐ ಮೂರೂ ಸರಿಯಾಗಿ ಬಿಡಿಸಬಲ್ಲದ್ದು ಹಳೆಯ ಎಚ್.264 ಒಂದನ್ನೇ. ಉಳಿದ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ, ಅಂದರೆ ಕಾರ್ಡು ಇದ್ದೂ ಇಲ್ಲದ ಹಾಗೆ. ಜಿಟಿ 1030, ಪಿ620ಗಳು ವಿಪಿ9, ಎಚ್‌ಇವಿಸಿ ಎರಡನ್ನೂ ಬಿಡಿಸುತ್ತವೆ. ಆರ್‌ಎಕ್ಸ್ 550 ಎಚ್‌ಇವಿಸಿಯಲ್ಲಿ ಗಟ್ಟಿ, ವಿಪಿ9ರಲ್ಲಿ ಸಡಿಲ. ಎವಿ1 ಈ ಪೈಕಿ ಯಾವುದಕ್ಕೂ ಬರುವುದಿಲ್ಲ. ದುಡ್ಡು ಖರ್ಚು ಮಾಡದೆಯೂ ಒಂದು ದಾರಿಯಿದೆ: ಬ್ರೌಸರಿಗೆ ಎಚ್264ಇಫೈ ಎಂಬ ಪುಟ್ಟ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಎಚ್.264ನ್ನೇ ಕಳಿಸುತ್ತದೆ. 1080ಪಿ ತನಕ ಹಳೆಯ ಸಿಸ್ಟಮ್ ತಡವರಿಸದೆ ತೋರಿಸುತ್ತದೆ.

ಡ್ರೈವರಿನ ಆಯುಸ್ಸನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಜಿಟಿ 710, 730ರ ಕೆಪ್ಲರ್ ಪೀಳಿಗೆಗೆ ಎನ್‌ವಿಡಿಯಾ 2021ರಲ್ಲೇ ಹೊಸ ಡ್ರೈವರ್ ನಿಲ್ಲಿಸಿತು, ಭದ್ರತಾ ತಿದ್ದುಪಡಿಗಳೂ 2024ರ ಸೆಪ್ಟೆಂಬರಿಗೆ ಮುಗಿದವು. ಇಂದು ಡಬ್ಬಿಯ ಸೀಲು ಒಡೆದು ಕೊಟ್ಟರೂ ಅದು ಹಳೆಯ ಕಾರ್ಡೇ. 750 ಟಿಐ, 1030, ಪಿ620ಗಳ ಪೀಳಿಗೆಗಳಿಗೆ 2025ರ ಅಕ್ಟೋಬರಿನ ಬಳಿಕ ಹೊಸ ಸುಧಾರಣೆಗಳಿಲ್ಲ, ಭದ್ರತಾ ತಿದ್ದುಪಡಿ 2028ರ ಅಕ್ಟೋಬರಿನವರೆಗೆ ಬರುತ್ತದೆ ಎಂದು ಕಂಪನಿ ಹೇಳಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಸಿದೆ. ವಿಂಡೋಸ್ 11 ಕೇಳುವುದು ಎಂಟನೇ ಜನರೇಶನ್ನಿನ ಪ್ರೊಸೆಸರು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಯಾವ ಕಾರ್ಡೂ ಇದನ್ನು ತುಂಬಿಕೊಡಲಾರದು. ಆದ್ದರಿಂದ ನಾಲ್ಕನೇ ಜನರೇಶನ್ನಿನ ಯಂತ್ರಕ್ಕೆ ದೊಡ್ಡ ದುಡ್ಡಿನ ಕಾರ್ಡು ಹಾಕುವವರು, ಆ ಯಂತ್ರದಲ್ಲಿ ಮುಂದೆ ಯಾವ ವ್ಯವಸ್ಥೆ ಓಡಿಸುತ್ತೇವೆಂದು ಮೊದಲು ತೀರ್ಮಾನಿಸಿಕೊಳ್ಳಬೇಕು. ಲಿನಕ್ಸ್ ಮಿಂಟ್ ಎಂದಾದರೆ ಎಎಂಡಿ ಕಾರ್ಡು.

ಕೆಲಸವಾರು ನನ್ನ ತೀರ್ಪು ಹೀಗೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ಮಾಡುವ ಡಿಟಿಪಿ ಅಂಗಡಿಗೆ ಕಾರ್ಡು ಬೇಡ. ನುಡಿ, ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾ ಕಾರ್ಡಿನ ಮುಖವನ್ನೂ ನೋಡುವುದಿಲ್ಲ. ಹೊಸ ಫೋಟೊಶಾಪ್ ಬಳಸುವ ಸ್ಟುಡಿಯೊದವರ ಮಾತು ಬೇರೆ. ಅದು ಕೇಳುವ ಡೈರೆಕ್ಟ್‌ಎಕ್ಸ್ 12ರ ಮಟ್ಟ ಕೆಪ್ಲರ್ ಕಾರ್ಡುಗಳಿಗೆ ಇಲ್ಲ, ಕನಿಷ್ಠ ಜಿಟಿ 1030 ಬೇಕು. ಶಿರಸಿಯ ಅರಣ್ಯ ಕಾಲೇಜಿನ ವಿದ್ಯಾರ್ಥಿ ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡುವುದಾದರೆ ಆ ದುಡ್ಡನ್ನು ರ‍್ಯಾಮಿಗೆ ಹಾಕಲಿ. ಯಕ್ಷಗಾನ, ಪ್ರವಚನ, ಮದುವೆಗಳನ್ನು ಒಬಿಎಸ್ ತಂತ್ರಾಂಶದಲ್ಲಿ ಲೈವ್ ಬಿಡುವವರು ಜಿಟಿ 1030 ಕೊಳ್ಳಬಾರದು, ಏಕೆಂದರೆ ಅದರಲ್ಲಿ ವಿಡಿಯೊ ಎನ್‌ಕೋಡರೇ ಇಲ್ಲ. ಆರ್‌ಎಕ್ಸ್ 6400ರಲ್ಲೂ ಇಲ್ಲ. ಪಿ620ರಲ್ಲಿ ಇದೆ, 40 ವ್ಯಾಟಿನಲ್ಲಿ ಬಯಲಾಟ ಮುಗಿಯುವ ತನಕ ಓಡುತ್ತದೆ. ಅದಕ್ಕೂ ಮೊದಲು, ಇಂಟೆಲ್ ಪ್ರೊಸೆಸರಿನೊಳಗೆ ಕ್ವಿಕ್‌ಸಿಂಕ್ ಎಂಬ ಎನ್‌ಕೋಡರ್ ಪುಕ್ಕಟೆಯಾಗಿ ಇದೆಯೇ ಎಂದು ಒಬಿಎಸ್‌ನಲ್ಲೇ ನೋಡಿ. ನಾಲ್ಕನೇ ಜನರೇಶನ್ನಿನ ಐ3, ಐ5ಗಳಲ್ಲೂ ಅದಿರುತ್ತದೆ. ಮನೆಯ ಟಿವಿಗೆ 4ಕೆ ಬೇಕಾದವರಿಗೆ, ಎರಡು ಮಾನಿಟರಿನಲ್ಲಿ ಕೂತು ಕೆಲಸ ಮಾಡುವವರಿಗೆ ಫ್ಯಾನಿಲ್ಲದ ಜಿಟಿ 1030 ಜಿಡಿಡಿಆರ್5 ಸರಿ. ವಿಜಿಎ ಸತ್ತವರಿಗೆ ಸಿಕ್ಕ ಹಳೆಯ 710 ಸಾಕು. ಆಟ ಆಡುವ ಹುಡುಗರಿದ್ದರೆ, ಎಸ್‌ಎಂಪಿಎಸ್ ಗಟ್ಟಿಯಿದ್ದರೆ, ಸೆಕೆಂಡ್ ಹ್ಯಾಂಡ್ 1650. ಇಲ್ಲವಾದರೆ ಕಾಯಿರಿ, ಎಂಟನೇ ಜನರೇಶನ್ನಿನ ಆಫೀಸ್ ಪೆಟ್ಟಿಗೆಗಳು ದಿನೇ ದಿನೇ ಅಗ್ಗವಾಗುತ್ತಿವೆ.

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಯಲ್ಲಾಪುರದಿಂದ 70. ಹೊಂದದ ಕಾರ್ಡನ್ನು ಬದಲಿಸಲು ಮತ್ತೆ ಬಸ್ಸಿನ ಖರ್ಚು, ಒಂದು ದಿನ ಹಾಳು. ಹೊರಡುವ ಮೊದಲು ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಮಾದರಿಯ ಹೆಸರು, ಎಸ್‌ಎಂಪಿಎಸ್ ಚೀಟಿಯಲ್ಲಿನ 12 ವೋಲ್ಟಿನ ಸಾಲು, ಹಿಂಬದಿಯ ಪಟ್ಟಿಯ ಎತ್ತರ, ಮಾನಿಟರಿನ ಪೋರ್ಟು ಇವಿಷ್ಟರ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಬರೀ ವಿಜಿಎ ಇರುವ ಮಾನಿಟರಾದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರನ್ನೂ ಆಗಲೇ ತನ್ನಿ. ಹೊಸ ಕಾರ್ಡುಗಳ ಡಿವಿಐ-ಡಿ ಪೋರ್ಟಿಗೆ ಸಾದಾ ಅಡಾಪ್ಟರ್ ಸಿಕ್ಕಿಸಿದರೆ ಚಿತ್ರ ಬರುವುದಿಲ್ಲ. 2012ಕ್ಕಿಂತ ಹಿಂದಿನ ಬ್ರ್ಯಾಂಡೆಡ್ ಬೋರ್ಡು ಹೊಸ ಕಾರ್ಡನ್ನು ಒಪ್ಪದೆ ಕಪ್ಪು ಪರದೆ ತೋರಿಸುವುದೂ ಉಂಟು, ಬಯಾಸ್ ಅಪ್‌ಡೇಟ್ ಮಾಡಿಸಿಯೇ ಹೊರಡಿ. ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ಒಪ್ಪಿದರೆ ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ.